ಕುದುರೆ ಕಟ್ಟುವ ಮೊದಲು ಲಗಾಮು ನೋಡ್ಕೊಳ್ಳಿ

ಟರ್ಬೊ ಇರೋ ಸೆಡಾನ್ ತಗೊಂಡವರಿಗೆ ಒಂದು ಕಾಯಿಲೆ ಬರೋದು ಗ್ಯಾರಂಟಿ. ಮೊದಲ ಮೂರು ತಿಂಗಳು "ಏನ್ ಪಿಕಪ್ ಮಗಾ!" ಅಂತಾರೆ. ನಾಲ್ಕನೇ ತಿಂಗಳು "ಇನ್ನೂ ಸ್ವಲ್ಪ ಇದ್ದಿದ್ರೆ..." ಅಂತ ಶುರುವಾಗುತ್ತೆ. ಐದನೇ ತಿಂಗಳು ಯಾರೋ ಒಬ್ಬ ಸಿಗ್ತಾನೆ. ಲ್ಯಾಪ್‌ಟಾಪು, ಒಂದು ಕೇಬಲ್ಲು ಹಿಡ್ಕೊಂಡು ಬಂದು, ಅರ್ಧ ಗಂಟೆಯಲ್ಲಿ ನಲವತ್ತು ಕುದುರೆ ಹೆಚ್ಚಿಗೆ ಕಟ್ಟಿ, ದುಡ್ಡು ಎಣಿಸ್ಕೊಂಡು ಹೋಗ್ತಾನೆ. ಆಮೇಲೆ ನಮ್ಮ ಹುಡುಗ ಆಫೀಸಿನ ಪಾರ್ಕಿಂಗ್‌ನಲ್ಲಿ ಎಲ್ಲರಿಗೂ ಅದೇ ಹೇಳ್ತಾನೆ, "ಗುರು, ನಂದೀಗ ಸ್ಟೇಜ್ ಒನ್ನು".

ಮೊದಲೇ ಹೇಳಿಬಿಡ್ತೀನಿ, ನಾನು ಟ್ಯೂನಿಂಗ್ ವಿರೋಧಿ ಅಲ್ಲ. ಕಾರು ಬರೀ ಎ ಇಂದ ಬಿ ಗೆ ಹೋಗೋಕೆ ಅನ್ನೋರ ಜೊತೆ ನಾನು ವಾದಕ್ಕೆ ಇಳಿಯೋದೇ ಇಲ್ಲ. ಒಂದು ಒಳ್ಳೆಯ ಎಂಜಿನ್ ಎರಡು ಸಾವಿರ ಆರ್‌ಪಿಎಂ ದಾಟಿ ಟರ್ಬೊ ಉಸಿರು ತುಂಬಿಕೊಂಡಾಗ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಲ್ಲ, ಆ ಸುಖ ನನಗೂ ಗೊತ್ತು. ನನ್ನ ತಕರಾರು ಇಷ್ಟೇ: ನಮ್ಮಲ್ಲಿ ಈ ಕೆಲಸದ ಕ್ರಮ ಪೂರ್ತಿ ತಲೆಕೆಳಗಾಗಿದೆ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡ್ತೀವಿ, ಮೊದಲು ಮಾಡಬೇಕಾದ್ದನ್ನು ಮಾಡೋದೇ ಇಲ್ಲ.

ಉದಾಹರಣೆಗೆ ನಮ್ಮೆಲ್ಲರ ಹಳೆಯ ಪ್ರೀತಿ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ತಗೊಳ್ಳೋಣ. 2004ರಲ್ಲಿ ಭಾರತಕ್ಕೆ ಬಂತು. 1.8 ಲೀಟರ್, ಒಂದೊಂದು ಸಿಲಿಂಡರಿಗೆ ಐದೈದು ವಾಲ್ವ್, ಮೇಲೊಂದು ಟರ್ಬೊ. 150 ಪಿಎಸ್ ಶಕ್ತಿ, 210 ನ್ಯೂಟನ್ ಮೀಟರ್ ಟಾರ್ಕ್. ಇವತ್ತಿನ ಲೆಕ್ಕದಲ್ಲಿ ಅದು ದೊಡ್ಡದೇನಲ್ಲ. 2023ರಲ್ಲಿ ಬಂದ ಹ್ಯುಂಡೈ ವೆರ್ನಾದ ಒಂದೂವರೆ ಲೀಟರ್ ಟರ್ಬೊ 160 ಪಿಎಸ್ ಕೊಡುತ್ತೆ, ಅದರಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗ್ತಾರೆ. ಆದರೆ 2004ರಲ್ಲಿ, ನಮ್ಮ ರಸ್ತೆಯ ಮೇಲೆ, ಆರ್‌ಎಸ್ ಅಂದ್ರೆ ಆರ್‌ಎಸ್.

ಈ ಕಾರಿನ ಸುತ್ತ ಹುಟ್ಟಿಕೊಂಡ ಒಂದು ಪುರಾಣ ಇವತ್ತಿಗೂ ಓಡಾಡ್ತಿದೆ. "ಇದೇ ಎಂಜಿನ್ ಯುರೋಪಿನ ಆರ್‌ಎಸ್‌ನಲ್ಲಿ 180 ಕೊಡುತ್ತೆ, ಆಡಿ ಟಿಟಿಯಲ್ಲಿ 225 ಕೊಡುತ್ತೆ. ನಮಗೆ ಮಾತ್ರ ಸಾಫ್ಟ್‌ವೇರಿನಲ್ಲಿ ಕಟ್ಟಿಹಾಕಿ 150 ಕೊಟ್ಟಿದ್ದಾರೆ. ಬೀಗ ತೆಗೆದ್ರೆ ಆಯ್ತು!"

ಅರ್ಧ ನಿಜ. ಅರ್ಧ ಸತ್ಯಕ್ಕಿಂತ ಅಪಾಯದ್ದು ಯಾವುದೂ ಇಲ್ಲ. ಎಂಜಿನ್ ಕುಟುಂಬ ಒಂದೇ, ಹೌದು. ಆದರೆ 225ರ ಆಡಿ ಟಿಟಿಯಲ್ಲಿ ಇದ್ದದ್ದು ಕೆ04 ಅನ್ನೋ ದೊಡ್ಡ ಟರ್ಬೊ, ಎರಡು ಇಂಟರ್‌ಕೂಲರ್, ದೊಡ್ಡ ಇಂಜೆಕ್ಟರ್‌ಗಳು. ನಮ್ಮ 150ರಲ್ಲಿ ಇದ್ದದ್ದು ಕೆ03 ಅನ್ನೋ ಪುಟ್ಟ ಟರ್ಬೊ, ಒಂದೇ ಇಂಟರ್‌ಕೂಲರ್. ಅಣ್ಣ ತಮ್ಮ ಅಂದ ಮಾತ್ರಕ್ಕೆ ಇಬ್ಬರೂ ಒಂದೇ ಮೂಟೆ ಹೊರ್ತಾರಾ? ಬರೀ ಸಾಫ್ಟ್‌ವೇರಿನಿಂದ ನಮ್ಮದನ್ನು 190ರ ಆಸುಪಾಸಿಗೆ ತರಬಹುದು ಅಂತ ಹೇಳ್ತಾರೆ, ಅದು ಸಾಧ್ಯವಿರೋ ಮಾತು. ಆದರೆ ಅದಕ್ಕೂ ಮೇಲೆ ಹೋಗಬೇಕು ಅಂದ್ರೆ ಲೋಹ ಬೇಕು, ಕೇಬಲ್ಲಲ್ಲ.

ಈ ನಲವತ್ತು ಎಲ್ಲಿಂದ ಬರುತ್ತೆ ಅಂತ ಸ್ವಲ್ಪ ನೋಡೋಣ. ಎಂಜಿನ್ ಅಂದ್ರೆ ಗಾಳಿಯ ಪಂಪು ಅಷ್ಟೇ. ಎಷ್ಟು ಗಾಳಿ ಒಳಗೆ ಹೋಗುತ್ತೋ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಉರಿಸಬಹುದು. ಹೊರಗೆ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದರ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಒಳಗೆ ತುಂಬೋದು ಟರ್ಬೊ. ಎಷ್ಟು ಒತ್ತಬೇಕು, ಎಷ್ಟು ಪೆಟ್ರೋಲ್ ಚಿಮ್ಮಬೇಕು, ಕಿಡಿ ಯಾವಾಗ ಹತ್ತಿಸಬೇಕು ಅನ್ನೋ ಕೋಷ್ಟಕಗಳು ಇಸಿಯುನಲ್ಲಿ ಇರುತ್ತೆ. ಅದೇ ಮ್ಯಾಪು. ರೀಮ್ಯಾಪ್ ಅಂದ್ರೆ ಆ ಕೋಷ್ಟಕದ ಅಂಕಿಗಳನ್ನು ತಿದ್ದೋದು. ಮಂತ್ರವೂ ಇಲ್ಲ, ಮಾಯವೂ ಇಲ್ಲ.

ಕಂಪನಿಯವರು ಆ ಅಂಕಿಗಳನ್ನು ಯಾಕೆ ಕಮ್ಮಿ ಇಟ್ಟಿರ್ತಾರೆ? ಜಿಪುಣತನಕ್ಕಲ್ಲ. ಕಲಬುರಗಿಯ ಮೇ ತಿಂಗಳಲ್ಲಿ, ಎಸಿ ಫುಲ್ ಹಾಕಿ, ಐದು ಜನ ಕೂತು, ಯಾವುದೋ ಊರಿನ ಬಂಕಿನ ಯಾವ ಗುಣಮಟ್ಟದ್ದೋ ಪೆಟ್ರೋಲ್ ಹಾಕಿಸಿಕೊಂಡು ಹೋದರೂ ಎಂಜಿನ್ ಉಳೀಬೇಕು ಅಂತ. ಆ ಅಂತರ ಇದೆಯಲ್ಲ, ಅದು ಕಂಪನಿ ನಮ್ಮಿಂದ ಕದ್ದಿಟ್ಟ ಕುದುರೆ ಅಲ್ಲ. ನಮಗಾಗಿ ಎತ್ತಿಟ್ಟ ಆಪದ್ಧನ. ರೀಮ್ಯಾಪ್ ಮಾಡಿಸೋದು ಅಂದ್ರೆ ಆ ಆಪದ್ಧನದಿಂದ ಖರ್ಚು ಮಾಡೋದು. ಖರ್ಚು ಮಾಡಬಾರದು ಅಂತಲ್ಲ, ಎಷ್ಟು ಇದೆ ಅಂತ ನೋಡಿಕೊಂಡು ಮಾಡಿ ಅಂತ.

ಇನ್ನೊಂದು ವಿಷಯ. ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಬರೆದ ಫೈಲನ್ನು ಹಾಗೇ ತಂದು ಇಲ್ಲಿನ ಗಾಡಿಗೆ ತುಂಬ್ತಾರೆ. ಅಲ್ಲಿ ಬಂಕಿನಲ್ಲಿ 95 ಆಕ್ಟೇನ್ ಮಾಮೂಲಿ, 98 ಕೂಡ ಸಲೀಸಾಗಿ ಸಿಗುತ್ತೆ. ಆರ್‌ಎಸ್ ಬಂದ ಕಾಲಕ್ಕೆ ನಮ್ಮಲ್ಲಿ ಹೆಚ್ಚಿನ ಕಡೆ ಸಿಗ್ತಿದ್ದದ್ದು 91 ಅಥವಾ ಅದಕ್ಕೂ ಕಮ್ಮಿ. ಇನ್ನು ಎತ್ತರ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಗಾಳಿಯ ಒತ್ತಡ ಮಂಗಳೂರಿಗಿಂತ ಇಲ್ಲಿ ಹತ್ತಿರ ಹತ್ತಿರ ಶೇಕಡಾ ಹತ್ತು ಕಮ್ಮಿ. ಟರ್ಬೊ ಗಾಡಿಗೆ ಇದು ಗೊತ್ತಾಗೋದೇ ಇಲ್ಲ ಅಂತ ಹೆಮ್ಮೆ ಪಡ್ತೀವಿ. ಯಾಕೆ ಗೊತ್ತಾಗಲ್ಲ ಅಂದ್ರೆ ಆ ಕೊರತೆ ತುಂಬೋಕೆ ಟರ್ಬೊ ಹೆಚ್ಚು ಜೋರಾಗಿ ತಿರುಗ್ತಾ ಇರುತ್ತೆ. ಮೆನಿಫೋಲ್ಡಿನಲ್ಲಿ 1.9 ಬಾರ್ ಬೇಕು ಅಂತ ಇಟ್ಕೊಳ್ಳಿ. ಮಂಗಳೂರಿನಲ್ಲಿ ಗಾಳಿಯನ್ನು 1.9 ಪಟ್ಟು ಒತ್ತಿದರೆ ಸಾಕು, ಬೆಂಗಳೂರಿನಲ್ಲಿ 2.1 ಪಟ್ಟು ಒತ್ತಬೇಕು. ಸೈಕಲ್ ಪಂಪು ಹೊಡೆದವರಿಗೆ ಗೊತ್ತು, ಒತ್ತಿದ ಗಾಳಿ ಬಿಸಿಯಾಗುತ್ತೆ. ಮೂವತ್ತು ಡಿಗ್ರಿಯ ಗಾಳಿ ಇಷ್ಟು ಒತ್ತಿದ ಮೇಲೆ ನೂರು ಡಿಗ್ರಿ ದಾಟಿ ಹೋಗಿರುತ್ತೆ. ಅದನ್ನು ತಣ್ಣಗೆ ಮಾಡೋ ಪೂರ್ತಿ ಜವಾಬ್ದಾರಿ ಬಂಪರಿನ ಮೂಲೆಯಲ್ಲಿ ಕೂತ ಆ ಪುಟ್ಟ ಇಂಟರ್‌ಕೂಲರಿನದ್ದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ನಿಂತ ಗಾಡಿಯ ಇಂಟರ್‌ಕೂಲರ್ ಯಾವ ಗತಿಯಲ್ಲಿರುತ್ತೆ, ನೀವೇ ಊಹಿಸಿ :-)

ಬಿಸಿ ಗಾಳಿ, ಕಮ್ಮಿ ಆಕ್ಟೇನ್ ಎರಡೂ ಸೇರಿದರೆ ನಾಕಿಂಗ್. ಕಿಡಿಯಿಂದ ಶುರುವಾದ ಉರಿ ಹದವಾಗಿ ಹರಡೋ ಬದಲು ಮೂಲೆಯಲ್ಲಿದ್ದ ಮಿಶ್ರಣ ತಾನಾಗೇ ಸಿಡಿಯೋದು. ಇದನ್ನು ಕೇಳಿಸಿಕೊಂಡು ಬೂಸ್ಟ್ ಇಳಿಸೋ ವ್ಯವಸ್ಥೆಯನ್ನು ಸ್ವೀಡನ್ನಿನ ಸಾಬ್ ಕಂಪನಿ ಎಂಬತ್ತರ ದಶಕದ ಮೊದಲಲ್ಲೇ ತನ್ನ ಟರ್ಬೊ ಕಾರುಗಳಿಗೆ ಹಾಕಿತ್ತು. ಇವತ್ತು ಎಲ್ಲ ಟರ್ಬೊ ಪೆಟ್ರೋಲ್ ಗಾಡಿಯಲ್ಲೂ ನಾಕ್ ಸೆನ್ಸರ್ ಇದೆ. ಅದಕ್ಕೇ ಕೆಟ್ಟ ಮ್ಯಾಪ್ ಹಾಕಿದ ದಿನವೇ ಎಂಜಿನ್ ಒಡೆಯೋದಿಲ್ಲ. ಸೆನ್ಸರ್ ಕೇಳಿಸಿಕೊಂಡು ಕಿಡಿಯನ್ನು ತಡ ಮಾಡುತ್ತೆ, ಶಕ್ತಿ ಇಳಿಯುತ್ತೆ. ಅಂದ್ರೆ ಏಪ್ರಿಲ್ ತಿಂಗಳ ಮಧ್ಯಾಹ್ನ ನೀವು ದುಡ್ಡು ಕೊಟ್ಟು ತಂದ ಆ ನಲವತ್ತು ಕುದುರೆ ಲಾಯದಲ್ಲೇ ಮಲಗಿರುತ್ತೆ, ನೀವು ಮಾತ್ರ ಓಡಿಸ್ತಾ ಇದ್ದೀನಿ ಅಂದ್ಕೊಂಡಿರ್ತೀರಿ. ಅದಕ್ಕೆ ನಾನು ಹೇಳೋದು, ಟ್ಯೂನ್ ಮಾಡೋನು ಡೈನೋ ಕಾಗದ ತೋರಿಸಿದ್ರೆ ಖುಷಿ ಪಡಬೇಡಿ. ಡೈನೋ ಅಳೆಯೋದು ಚಕ್ರದ ಶಕ್ತಿಯನ್ನು, ಎಂಜಿನ್ನಿನ ಅಂಕಿ ಬರೋದು ಗೇರ್‌ಬಾಕ್ಸಿನ ನಷ್ಟವನ್ನು ಅಂದಾಜಿನಲ್ಲಿ ಸೇರಿಸಿದ ಮೇಲೆ. ಅಂದಾಜು ಹಿಗ್ಗಿಸಿದರೆ ಕುದುರೆಯೂ ಹಿಗ್ಗುತ್ತೆ! ಅದರ ಬದಲು ಲಾಗ್ ಕೇಳಿ. ರಸ್ತೆಯಲ್ಲಿ ಓಡಿಸುವಾಗ ಒಳಗೆ ಬಂದ ಗಾಳಿಯ ಉಷ್ಣತೆ ಎಷ್ಟಿತ್ತು, ಕಿಡಿ ಎಷ್ಟು ಡಿಗ್ರಿ ಹಿಂದೆ ಸರೀತು, ಮಿಶ್ರಣ ಎಷ್ಟಿತ್ತು. ಇದನ್ನು ತೋರಿಸದೆ "ಎಲ್ಲ ಸರಿಯಿದೆ ಸಾರ್" ಅನ್ನೋನ ಹತ್ತಿರ ಗಾಡಿ ಬಿಡಬೇಡಿ.

ಈಗ ಇದಕ್ಕೆ ಇ20 ಬೇರೆ ಸೇರಿದೆ. ಎಥನಾಲಿಗೆ ಆಕ್ಟೇನ್ ಜಾಸ್ತಿ, ಒಳಗಿನ ಗಾಳಿಯನ್ನು ತಣ್ಣಗೂ ಮಾಡುತ್ತೆ. ಟರ್ಬೊಗೆ ಒಳ್ಳೆಯದೇ. ಆದರೆ ಅಷ್ಟೇ ಗಾಳಿಗೆ ಶೇಕಡಾ ಏಳೆಂಟು ಹೆಚ್ಚು ಇಂಧನ ಬೇಕು. ಹಳೇ ಆರ್‌ಎಸ್‌ಗೆ ಬರೀ ಪೆಟ್ರೋಲ್ ಲೆಕ್ಕದಲ್ಲಿ, ಇಂಜೆಕ್ಟರಿನ ಮಿತಿಯ ಅಂಚಿಗೆ ತಂದು ಬರೆದ ಮ್ಯಾಪು ಇದ್ದರೆ? ಆ ಏಳೆಂಟು ಎಲ್ಲಿಂದ ಬರಬೇಕು? ಇಪ್ಪತ್ತು ವರ್ಷದ ಹಳೇ ಪೆಟ್ರೋಲ್ ಪಂಪಿನಿಂದಲಾ? ಹತ್ತು ವರ್ಷದ ಹಿಂದೆ ಮಾಡಿಸಿದ ರೀಮ್ಯಾಪು ಈಗಲೂ ಸರಿಯಾಗಿದೆ ಅಂತ ನಂಬಿಕೊಂಡು ಕೂತವರು ದಯವಿಟ್ಟು ಒಮ್ಮೆ ಲಾಗ್ ತೆಗೆಸಿ ನೋಡಿ.

ಹೊಸ ಗಾಡಿಯವರೂ ನಗಬೇಡಿ. ಫೋಕ್ಸ್‌ವ್ಯಾಗನ್ ವರ್ಟಸ್‌ನ ಒಂದೂವರೆ ಲೀಟರ್ ಟರ್ಬೊ 250 ನ್ಯೂಟನ್ ಮೀಟರ್ ಕೊಡುತ್ತೆ. ಅದರ ಜೊತೆ ಬರೋ ಏಳು ಗೇರಿನ ಡಿಎಸ್‌ಜಿ, ಡಿಕ್ಯೂ200, ಡ್ರೈ ಕ್ಲಚ್ಚಿನದ್ದು, ಅದು ತಡೆಯೋ ಮಿತಿ ಅಂತ ಇಟ್ಟಿರೋದೂ 250. ಅಂದ್ರೆ ಕಾರ್ಖಾನೆಯಿಂದ ಬರುವಾಗಲೇ ಗೇರ್‌ಬಾಕ್ಸ್ ಕುತ್ತಿಗೆವರೆಗೆ ನೀರಲ್ಲಿ ನಿಂತಿದೆ. ಅದರ ಮೇಲೆ ಇನ್ನೂ ಐವತ್ತು ಅರವತ್ತು ಹೇರ್ತೀನಿ ಅನ್ನೋರು ಕ್ಲಚ್ಚಿನ ರೇಟೂ ವಿಚಾರಿಸಿಟ್ಟುಕೊಂಡಿರಿ. ಇನ್ನು ಈಗಿನ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಿಗೆ ಕಮ್ಮಿ ಆರ್‌ಪಿಎಂನಲ್ಲಿ ಹೆಚ್ಚು ಬೂಸ್ಟ್ ಹಾಕಿದರೆ ಕಿಡಿ ಬರೋ ಮೊದಲೇ ಮಿಶ್ರಣ ಹೊತ್ತಿಕೊಳ್ಳೋ ರೋಗ ಇದೆ. ಅದು ಮಾಮೂಲಿ ನಾಕಿಂಗ್ ಅಲ್ಲ, ಪಿಸ್ಟನ್ನನ್ನೇ ಒಡೆಯಬಲ್ಲದು. ನಮ್ಮವರಿಗೆ ಬೇಕಾಗಿರೋದೇ 1500 ಆರ್‌ಪಿಎಂನಲ್ಲಿ ಒದೆಯೋ ಪಿಕಪ್ಪು. ಒಳ್ಳೆ ಟ್ಯೂನರ್ ಅಲ್ಲಿ ಕೈ ಬಿಗಿ ಹಿಡಿದು, ಮೇಲಿನ ಆರ್‌ಪಿಎಂನಲ್ಲಿ ಕೊಡ್ತಾನೆ. ಗಿರಾಕಿಗೆ ಅದು "ಪಂಚ್ ಇಲ್ಲ" ಅನ್ನಿಸುತ್ತೆ. ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ. ಕೆಟ್ಟ ಮ್ಯಾಪಿಗೆ ಮಾರುಕಟ್ಟೆ ಇರೋದು ನಮ್ಮಿಂದಲೇ ಸ್ವಾಮಿ.

ಸರಿ, ಎಂಜಿನ್ ಪುರಾಣ ಸಾಕು. ನನ್ನ ನಿಜವಾದ ಸಿಟ್ಟು ಇರೋದು ಬ್ರೇಕಿನ ವಿಷಯದಲ್ಲಿ.

ಗಂಟೆಗೆ 100 ಕಿ.ಮೀ.ನಲ್ಲಿ ಹೋಗೋ ಗಾಡಿಗಿಂತ 120ರಲ್ಲಿ ಹೋಗೋ ಗಾಡಿಯಲ್ಲಿ ಶೇಕಡಾ 44 ಹೆಚ್ಚು ಚಲನಶಕ್ತಿ ಇರುತ್ತೆ. ಹೈಸ್ಕೂಲಿನ ಭೌತಶಾಸ್ತ್ರ. ನಿಲ್ಲಿಸುವಾಗ ಅದಷ್ಟನ್ನೂ ಬ್ರೇಕು ಬಿಸಿಯಾಗಿ ನುಂಗಬೇಕು. ಡಾಟ್ 4 ಬ್ರೇಕ್ ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತೆ. ಚಾರ್ಮಾಡಿ ಘಾಟಿ ಇಳಿಯುವಾಗ ಫ್ಲೂಯಿಡ್ ಕುದ್ದರೆ ಪೆಡಲ್ ಹತ್ತಿಯ ಹಾಸಿಗೆ ತುಳಿದ ಹಾಗೆ ಒಳಗೆ ಹೋಗುತ್ತೆ, ಗಾಡಿ ನಿಲ್ಲೋದಿಲ್ಲ.

ಹೋದ ವರ್ಷ ಒಂದು ಹಳೇ ಟರ್ಬೊ ಸೆಡಾನ್ ನೋಡೋಕೆ ಹೋಗಿದ್ದೆ. ಮಾರೋ ಹುಡುಗ ಒಳ್ಳೆಯವನೇ, ಪ್ರೀತಿಯಿಂದ ಇಟ್ಟಿದ್ದ. ಟರ್ಬೊ ಎಷ್ಟು ಒತ್ತುತ್ತಿದೆ ಅಂತ ತೋರಿಸೋ ಮೀಟರು, ಹೊಸ ಇಂಟರ್‌ಕೂಲರು, ಹೊಳೆಯೋ ಇನ್‌ಟೇಕು, ಎಲ್ಲ ತೋರಿಸಿದ. ಕೆಳಗೆ ಬಗ್ಗಿ ಟೈರಿನ ಪಕ್ಕದ ನಾಲ್ಕಂಕಿ ಓದಿದೆ. ಆ ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು. ಬ್ರೇಕ್ ಫ್ಲೂಯಿಡ್ ಯಾವಾಗ ಬದಲಾಯಿಸಿದ್ದು ಅಂದೆ. "ಅದನ್ನೂ ಬದಲಾಯಿಸ್ಬೇಕಾ ಸಾರ್?" ಅಂದ. ಆ ಪ್ರಶ್ನೆ ಕೇಳಿ ನನಗೆ ನಗು ಬರಲಿಲ್ಲ, ಹೆದರಿಕೆ ಆಯ್ತು. ಯಾಕಂದ್ರೆ ಅವನ ಗಾಡಿಯ ಮುಂದೆ ಯಾವತ್ತೋ ಒಂದು ದಿನ ರಸ್ತೆ ದಾಟೋರು ನಮ್ಮ ಮನೆಯವರೇ ಆಗಿರಬಹುದು.

"ನನ್ನ ದುಡ್ಡು, ನನ್ನ ಕಾರು, ನಿಮಗೇನ್ರೀ?" ಅನ್ನೋರಿಗೆ ನನ್ನ ಉತ್ತರ ಇಷ್ಟೇ. ಎಂಜಿನ್ ಒಡೆದರೆ ನಿಮ್ಮ ದುಡ್ಡು, ನಾನು ಒಂದು ಮಾತೂ ಆಡಲ್ಲ. ಗಾಡಿ ನಿಲ್ಲದಿದ್ದರೆ ಅದು ಬೇರೆಯವರ ಜೀವ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಮಿತಿ 100. 130 ದಾಟಿದರೆ ಎಫ್‌ಐಆರ್ ಅಂತ 2024ರ ಆಗಸ್ಟಿನಿಂದ ರಾಜ್ಯದ ಪೊಲೀಸರು ಶುರು ಮಾಡಿದ್ದು ಸುಮ್ಮನೆ ಅಲ್ಲ.

ಸ್ಟೇಜ್ ಟೂ ಬಗ್ಗೆಯೂ ಎರಡು ಮಾತು. ಹೆಚ್ಚಿನ ಕಡೆ ಸ್ಟೇಜ್ ಟೂ ಅಂದ್ರೆ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಖಾಲಿ ಪೈಪ್ ಹಾಕೋದು. ಜೊತೆಗೆ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಾಕಿ ಹೊಡೆಯೋ ಮ್ಯಾಪು. ಅದರಿಂದ ಶಕ್ತಿ ಒಂದು ಗುಲಗಂಜಿಯಷ್ಟೂ ಬರಲ್ಲ. ಪೆಟ್ರೋಲನ್ನು ಸೈಲೆನ್ಸರಿನಲ್ಲಿ ಉರಿಸೋದು ಅಷ್ಟೇ. ರಾತ್ರಿ ಎರಡು ಗಂಟೆಗೆ ಬಡಾವಣೆಯ ಹಸುಗೂಸು, ಬಿಪಿ ಇರೋ ಅಜ್ಜ ಎಲ್ಲ ಎದ್ದು ಕೂರೋ ಹಾಗೆ ಮಾಡೋದು ಯಾವ ಸೀಮೆ ಕಾರು ಪ್ರೀತಿ? ಈ ಪುಣ್ಯಾತ್ಮರಿಂದಲೇ ಜನ ನಮ್ಮೆಲ್ಲರನ್ನೂ ಪುಂಡರು ಅಂತ ನೋಡೋದು.

ಕಾನೂನು ಏನು ಹೇಳುತ್ತೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಹೇಳಿದ, ಆರ್‌ಸಿಯಲ್ಲಿ ಬರೆದ ವಿವರಗಳಿಗೆ ವಿರುದ್ಧವಾಗೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡೀತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ ಐದು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದ್ರು. ವಿಮೆ ಕಂಪನಿಗೆ ಹೇಳದೆ ಮಾಡಿಸಿದ್ರೆ ಅಪಘಾತವಾದಾಗ ಕ್ಲೇಮ್ ತಳ್ಳಿಹಾಕೋಕೆ ಅವರ ಕೈಗೆ ನೀವೇ ಕೋಲು ಕೊಟ್ಟ ಹಾಗೆ.

ಆದರೆ ನನ್ನ ಪ್ರಕಾರ ಈ ಕಾನೂನು ಅರ್ಧ ಕೆಲಸ ಮಾಡುತ್ತೆ. ಜರ್ಮನಿಯಲ್ಲಿ ಬದಲಾವಣೆ ಮಾಡಿಸಿದವನು ಗಾಡಿಯನ್ನು ತಪಾಸಣೆಗೆ ಒಯ್ದು, ಪಾಸಾದರೆ ಅದನ್ನು ಗಾಡಿಯ ಕಾಗದದಲ್ಲೇ ಬರೆಸಿಕೊಳ್ಳಬಹುದು. ಅಲ್ಲಿ ಟ್ಯೂನರನಿಗೂ ಭಯ, ಮಾಲೀಕನಿಗೂ ನೆಮ್ಮದಿ. ನಮ್ಮಲ್ಲಿ ಒಳ್ಳೆಯ ಬ್ರೇಕ್ ಕಿಟ್ ಹಾಕಿಸಿದವನಿಗೂ ಪಟಾಕಿ ಸೈಲೆನ್ಸರ್ ಹಾಕಿಸಿದವನಿಗೂ ಒಂದೇ ಕಣ್ಣು. ಸಾಚಾ ಕೆಲಸಕ್ಕೆ ದಾರಿಯೇ ಇಲ್ಲದಿದ್ದರೆ ಎಲ್ಲವೂ ಕತ್ತಲಲ್ಲೇ ನಡೆಯುತ್ತೆ, ಕತ್ತಲಲ್ಲಿ ಕಳ್ಳನೂ ಸಾಚಾನೂ ಒಂದೇ ಥರ ಕಾಣ್ತಾರೆ. ತಪಾಸಣೆ ಮಾಡಿ, ಶುಲ್ಕ ತಗೊಂಡು, ಆರ್‌ಸಿಯಲ್ಲಿ ಬರೆದುಕೊಡಿ ಅಂತ ನಾವೇ ಕೇಳಬೇಕು. ಆ ಹಕ್ಕು ಕೇಳೋಕೆ ಮೊದಲು ನಮ್ಮ ಮನೆ ಸ್ವಚ್ಛ ಇರಬೇಕು.

ಹಾಗಾದ್ರೆ ಏನು ಮಾಡ್ಬೇಕು? ನನ್ನ ಕ್ರಮ ಇದು, ಬೇಕಾದ್ರೆ ತಗೊಳ್ಳಿ.

ಮೊದಲು ಗಾಡಿಯ ಆರೋಗ್ಯ. ಹಳೇ 1.8 ಟರ್ಬೊಗಳಲ್ಲಿ ಇಗ್ನಿಷನ್ ಕಾಯಿಲ್ ಹೋಗೋದು, ಡೈವರ್ಟರ್ ವಾಲ್ವಿನ ಒಳಗಿನ ಪರದೆ ಹರಿಯೋದು, ವ್ಯಾಕ್ಯೂಮ್ ಪೈಪುಗಳು ಬಿರುಕು ಬಿಡೋದು ಮಾಮೂಲಿ. ಇವನ್ನೆಲ್ಲ ಸರಿ ಮಾಡಿಸಿದ್ರೆ "ರೀಮ್ಯಾಪ್ ಮಾಡಿಸಿದ್ದೀಯಾ?" ಅಂತ ಕೇಳೋ ಹಾಗೆ ಗಾಡಿ ಓಡುತ್ತೆ. ಎಷ್ಟೋ ಜನ ಕಳೆದುಕೊಂಡ ಇಪ್ಪತ್ತು ಕುದುರೆಯನ್ನು ಹುಡುಕೋದು ಬಿಟ್ಟು ಹೊಸ ನಲವತ್ತು ಕೊಂಡುಕೊಳ್ಳೋಕೆ ಹೋಗ್ತಾರೆ.

ಎರಡನೆಯದು ಟೈರು, ಬ್ರೇಕ್ ಪ್ಯಾಡು, ಫ್ಲೂಯಿಡ್ಡು. ಮೂರನೆಯದು ಸಸ್ಪೆನ್ಷನ್ನಿನ ಬುಷ್, ಶಾಕ್ ಅಬ್ಸಾರ್ಬರ್. ನಾಲ್ಕನೆಯದು ನಿಮ್ಮ ಕೈಕಾಲು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಲ್ಲೋ ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲೋ ಟ್ರ್ಯಾಕ್ ಡೇ ಇದ್ದಾಗ ಒಂದು ದಿನ ಹೋಗಿ ಬನ್ನಿ. 150 ಕುದುರೆಯನ್ನೇ ಪೂರ್ತಿ ಬಳಸೋದು ಎಷ್ಟು ಕಷ್ಟ ಅಂತ ಮಧ್ಯಾಹ್ನದ ಊಟದೊಳಗೆ ಗೊತ್ತಾಗುತ್ತೆ. ಇಷ್ಟೂ ಆದ ಮೇಲೂ ಬೇಕು ಅನ್ನಿಸಿದ್ರೆ ಐದನೆಯದು ರೀಮ್ಯಾಪು. ನಮ್ಮ ಪೆಟ್ರೋಲಿಗೆ, ನಮ್ಮ ಬಿಸಿಲಿಗೆ ಬರೆದದ್ದು, ಲಾಗ್ ಸಮೇತ. ಮೂಲ ಫೈಲಿನ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ. ಗಾಡಿ ಮಾರುವಾಗ ಕೊಳ್ಳೋನಿಗೆ ಬಾಯಿಬಿಟ್ಟು ಹೇಳಿ. ಅದನ್ನು ಹೇಳೋಕೆ ನಾಚಿಕೆ ಆಗೋ ಕೆಲಸ ಅಂದ್ರೆ ಮಾಡಿಸಲೇಬೇಡಿ.

2025ರಲ್ಲಿ ಆಕ್ಟೇವಿಯಾ ಆರ್‌ಎಸ್ ಮತ್ತೆ ಬಂತು. ಬರೀ ನೂರು ಕಾರು, 265 ಪಿಎಸ್. ನಮ್ಮ ಹಳೇ 150ಕ್ಕಿಂತ 115 ಜಾಸ್ತಿ. ಅದನ್ನು ಕೊಂಡವರೂ ಐದನೇ ತಿಂಗಳಿಗೆ "ಇನ್ನೂ ಸ್ವಲ್ಪ ಇದ್ದಿದ್ರೆ" ಅಂದಿರ್ತಾರೆ, ಬೇಕಾದ್ರೆ ಬೆಟ್ ಕಟ್ತೀನಿ. ಈ ಹಸಿವಿಗೆ ಕೊನೆ ಇಲ್ಲ. ಆದರೆ ರಸ್ತೆ ಅದೇ, ಹಂಪು ಅದೇ, ಅಡ್ಡ ಬರೋ ಹಸುವೂ ಅದೇ. ನಾನಂತೂ ನಲವತ್ತು ಕುದುರೆ ಕಟ್ಟಿಸಿದವನ ಪಕ್ಕ ಕೂರೋದಕ್ಕಿಂತ ಬ್ರೇಕ್ ಫ್ಲೂಯಿಡ್ ಬದಲಾಯಿಸಿದವನ ಪಕ್ಕ ಕೂತು ನೆಮ್ಮದಿಯಾಗಿ ಶಿರಾಡಿ ಇಳೀತೀನಿ.

ನೀವೇನಂತೀರಿ? ನಿಮ್ಮ ಗಾಡಿಯ ಟೈರಿನ ಆ ನಾಲ್ಕಂಕಿ ಎಷ್ಟು? ನೆನಪಿಲ್ಲ ಅಂದ್ರೆ ಈಗಲೇ ಕೆಳಗೆ ಹೋಗಿ ನೋಡ್ಕೊಂಡು ಬನ್ನಿ, ಕುದುರೆ ವಿಷಯ ಆಮೇಲೆ ಮಾತಾಡೋಣ.